"ಯಾರೂ ಕಾಲಿಡದ ಜಾಗ" ಅಂತ ಬರೆಯೋ ಮುಂಚೆ...

ನಮ್ಮ ಬ್ಲಾಗುಗಳಲ್ಲಿ ಪ್ರವಾಸ ಕಥನಕ್ಕೆ ಬರವಿಲ್ಲ, ನಾನೂ ಖುಷಿಯಿಂದ ಓದ್ತೀನಿ. ಆದ್ರೆ ಎರಡು ಮಾತು ಕಂಡ್ರೆ ಮೈ ಉರಿಯುತ್ತೆ - "ಯಾರೂ ಕಾಲಿಡದ ಜಾಗ", "ನಾವೇ ಕಂಡುಹಿಡಿದೆವು". ಮಚ್ಚು ಹಿಡಿದು ಮುಂದೆ ದಾರಿ ಸವರಿದವನಿಗೆ ಲೇಖನದಲ್ಲಿ ಹೆಸರೇ ಇರಲ್ಲ, "ಸ್ಥಳೀಯನೊಬ್ಬ" ಅಷ್ಟೇ. ಇದೇನು ದೊಡ್ಡ ವಿಷಯ ಅಂತೀರಾ? ಕೆನಡಾದ ಉತ್ತರ ತುದಿಯ ಕರಾವಳಿಯ ಕಥೆ ಹೇಳ್ತೀನಿ, ಆಮೇಲೆ ಜಗಳಕ್ಕೆ ಬನ್ನಿ.

ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಅಮೆರಿಕದ ನೆತ್ತಿಯ ಮೇಲಿಂದ ಹಾದುಹೋಗೋ ನೀರದಾರಿ ಹುಡುಕೋಕೆ 1845ರಲ್ಲಿ ಇಂಗ್ಲೆಂಡಿನಿಂದ ಸರ್ ಜಾನ್ ಫ್ರಾಂಕ್ಲಿನ್ ಹೊರಟ. 'ಎರೆಬಸ್', 'ಟೆರರ್' ಅಂತ ಎರಡು ಹಡಗು, ಉಗಿ ಇಂಜಿನ್ನು, ಮೂರು ವರ್ಷಕ್ಕಾಗೋ ದಿನಸಿ. ಕಿಂಗ್ ವಿಲಿಯಂ ದ್ವೀಪದ ಹತ್ತಿರ ಹಡಗುಗಳು ಹಿಮದಲ್ಲಿ ಸಿಕ್ಕಿಬಿದ್ದವು. 129 ಜನರಲ್ಲಿ ಒಬ್ಬನೂ ವಾಪಸ್ ಬರಲಿಲ್ಲ.

1854ರಲ್ಲಿ ಜಾನ್ ರೇ ಎಂಬಾತ ಅಲ್ಲಿನ ಇನುಯಿಟ್ ಜನರನ್ನು ವಿಚಾರಿಸಿ ಬಂದು ಹೇಳಿದ: ಅವರೆಲ್ಲ ಹಸಿವಿನಿಂದ ಸತ್ತರು, ಕೊನೆಕೊನೆಗೆ ಸತ್ತವರನ್ನೇ ತಿಂದರು. ಲಂಡನ್ನಿಗೆ ಸಿಟ್ಟು ಬಂತು. ಚಾರ್ಲ್ಸ್ ಡಿಕನ್ಸ್ ಅಂಥವನೇ, ಕಾಡುಜನರ ಮಾತು ನಂಬೋಕಾಗಲ್ಲ ಅಂತ ತನ್ನ ಪತ್ರಿಕೆಯಲ್ಲಿ ಬರೆದ. ಮುಂದೆ ಸಿಕ್ಕ ಮೂಳೆಗಳ ಮೇಲೆ ಚಾಕುವಿನ ಗುರುತುಗಳಿದ್ದವು! 'ಎರೆಬಸ್' 2014ರಲ್ಲಿ ಸಿಕ್ಕಿದ್ದು ಇನುಯಿಟ್ ಹಿರಿಯರು ಹೇಳ್ತಾ ಬಂದಿದ್ದ ಸೀಮೆಯಲ್ಲೇ. 'ಟೆರರ್' 2016ರಲ್ಲಿ ಸಿಕ್ಕಿದ್ದು ಸ್ಯಾಮಿ ಕೊಗ್ವಿಕ್ ಎಂಬ ಇನುಯಿಟ್ ಹೇಳಿದ ಕೊಲ್ಲಿಯಲ್ಲಿ. ಒಂದು ಮಾತು ನಂಬೋಕೆ 160 ವರ್ಷ ಬೇಕಾಯ್ತು ಸ್ವಾಮಿ.

ಈಗ ನಾರ್ವೆಯ ರೋಲ್ಡ್ ಅಮುಂಡ್‌ಸೆನ್‌ನನ್ನು ನೋಡಿ. 1903ರಲ್ಲಿ ಹೊರಟಾಗ ಅವನ ಹತ್ತಿರ ಇದ್ದದ್ದು 47 ಟನ್ನಿನ ಹಳೇ ಮೀನು ದೋಣಿ 'ಯೊವಾ', ಹಾಯಿ, ಒಂದು ಪುಟಾಣಿ ಇಂಜಿನ್ನು, ತಾನೂ ಸೇರಿ ಏಳು ಜನ. ಅದೇ ಕಿಂಗ್ ವಿಲಿಯಂ ದ್ವೀಪದಲ್ಲಿ ಎರಡು ಚಳಿಗಾಲ ಲಂಗರು ಹಾಕಿ ಕೂತ. ನೆಟ್ಸಿಲಿಕ್ ಇನುಯಿಟರ ಹತ್ತಿರ ಶಾಲೆ ಹುಡುಗನ ಹಾಗೆ ಕಲಿತ. ಉಣ್ಣೆ ಬಿಟ್ಟು ಜಿಂಕೆ ಚರ್ಮದ ಸಡಿಲ ಅಂಗಿ ತೊಟ್ಟ. ಹಿಮದ ಮನೆ ಕಟ್ಟೋದು ಹೇಳಿಕೊಟ್ಟ ಮುದುಕನ ಹೆಸರು ತೆರಾಯು. 1905ರ ಬೇಸಿಗೆಯಲ್ಲಿ ನೀರಿನ ಆಳ ಅಳೀತಾ ಅಳೀತಾ, ಕಲ್ಲುಬಂಡೆಗಳ ನಡುವೆ ತೀರ ಹಿಡಿದು ಪಶ್ಚಿಮಕ್ಕೆ ಸಾಗಿದ. ದೊಡ್ಡ ಹಡಗಾಗಿದ್ರೆ ಅಲ್ಲೇ ತಳ ಕಚ್ಚಿರ್ತಿತ್ತು. 1906ರ ಆಗಸ್ಟಿನಲ್ಲಿ ಅಲಾಸ್ಕಾದ ನೋಮ್ ಮುಟ್ಟಿದ.

129 ಜನಕ್ಕೆ ಆ ಬರಡು ನೆಲದಲ್ಲಿ ಬೇಟೆ ಸಾಲ್ತಾ ಇತ್ತಾ ಅಂತ ನೀವು ಕೇಳಬಹುದು. ಸಾಲ್ತಿರಲಿಲ್ಲ, ಒಪ್ಪಿದೆ. ಆದ್ರೆ ಆ ನೆಲ ಎಷ್ಟು ಜನರನ್ನು ಸಾಕುತ್ತೆ ಅನ್ನೋದು ಅಲ್ಲಿ ಬದುಕಿದವರಿಗೆ ಗೊತ್ತಿತ್ತಲ್ಲ?

ಅಮುಂಡ್‌ಸೆನ್ ಕೂಡ ಆ ಕೊಲ್ಲಿಗೆ ತನ್ನ ದೋಣಿ ಹೆಸರೇ ಇಟ್ಟ. ಅಲ್ಲಿಯವರು ಅದನ್ನು ಕರೆಯೋದು ಉಕ್ಸುಕ್ತೂಕ್ ಅಂತ. ಕೊಬ್ಬು ಹೇರಳವಾಗಿರೋ ಜಾಗ ಅಂತ ಅರ್ಥ. ಯಾರೂ ಕಾಲಿಡದ ಜಾಗಕ್ಕೆ ಇಂಥ ಹೆಸರು ಇಟ್ಟಿದ್ದು ಯಾರು ಹಾಗಾದ್ರೆ?

ಮುಂದಿನ ಸಲ ಚಾರಣದ ಬಗ್ಗೆ ಬರೆಯುವಾಗ ದಾರಿ ತೋರಿಸಿದವನನ್ನು ಕೇಳಿ, ಅವನು ಒಪ್ಪಿದ್ರೆ ಹೆಸರು ಹಾಕಿ. ಆ ಜಾಗಕ್ಕೆ ಊರವರು ಏನಂತಾರೆ ಅಂತಾನೂ ಬರೀರಿ. ಅಷ್ಟು ಮಾಡೋಕೆ ಏನು ಕಷ್ಟ?

ಏನಂತೀರಿ?