ಭಾವಮೈದುನ ಹೊರಗಿನವನೇ?

ಕೇಂದ್ರ ಸರ್ಕಾರದ ಒಂದು ಆಸ್ಪತ್ರೆಗೆ ಕಂಬಳಿ ಬೇಕಾಗಿದೆಯೆಂದಿಟ್ಟುಕೊಳ್ಳೋಣ. ಟೆಂಡರು ಕರೆಯುತ್ತಾರೆ. ಪೇಟೆಯ ಸಣ್ಣ ಜವಳಿ ವರ್ತಕ ಷರತ್ತುಗಳನ್ನು ಓದುತ್ತಾನೆ. ಅಗಲ ಇಷ್ಟೇ ಇರಬೇಕು, ಅಂಚಿನ ಪಟ್ಟೆ ಇಂಥ ಬಣ್ಣದ್ದೇ ಆಗಬೇಕು, ಏಳು ದಿನದೊಳಗೆ ಮಾಲೆಲ್ಲ ಉಗ್ರಾಣ ಸೇರಬೇಕು. ಅಂಥ ಕಂಬಳಿ ಊರಿನಲ್ಲಿ ಒಂದೇ ಅಂಗಡಿಯಲ್ಲಿದೆ. ಆ ಅಂಗಡಿ ಷರತ್ತು ಬರೆದ ಅಧಿಕಾರಿಯ ಭಾವಮೈದುನನದು.

ಇಲ್ಲಿ ಲಂಚ ಕೊಟ್ಟವರಿಲ್ಲ, ತೆಗೆದುಕೊಂಡವರಿಲ್ಲ. ಕಾಗದಪತ್ರವೆಲ್ಲ ಸರಿಯಾಗಿದೆ. ಆದರೆ ಕಂಬಳಿ ತೆಳ್ಳಗಿದ್ದರೆ ರಾತ್ರಿ ನಡುಗುವವನು ಹಾಸಿಗೆ ಹಿಡಿದ ಕೂಲಿಕಾರ. ತೆಳ್ಳಗಿದೆಯೆಂದು ಹೇಳಿ ಮಾಲು ಹಿಂದಕ್ಕೆ ಕಳಿಸಬೇಕಾದವನು ಯಾರು? ಅದೇ ಅಧಿಕಾರಿ!

ಇದಕ್ಕೆ ಕಾನೂನಿಲ್ಲವೇ ಎಂದು ಓದುಗರು ಕೇಳಬಹುದು. ಇದೆ. ಭ್ರಷ್ಟಾಚಾರದ ತಡೆಗಾಗಿ 1962ರಲ್ಲಿ ನೇಮಕವಾದ ಸಂತಾನಂ ಸಮಿತಿ 1964ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಕೇಂದ್ರ ನೌಕರರ ನಡತೆಯ ನಿಯಮಗಳು ಹೊರಬಂದವು. ತನಗಾಗಲಿ ತನ್ನ ಕುಟುಂಬದವರಿಗಾಗಲಿ ಹಿತಾಸಕ್ತಿಯಿರುವ ಕಂಟ್ರಾಕ್ಟನ್ನು ನೌಕರನು ಮುಟ್ಟಕೂಡದು, ಮೇಲಧಿಕಾರಿಗೆ ಒಪ್ಪಿಸಬೇಕು ಎನ್ನುತ್ತದೆ 4ನೆಯ ನಿಯಮ. ಬಹಳ ಸಂತೋಷ. ಆದರೆ ಕುಟುಂಬವೆಂದರೆ ಯಾರು? 2ನೆಯ ನಿಯಮವನ್ನು ನೋಡಿರಿ. ಗಂಡ ಅಥವಾ ಹೆಂಡತಿ. ನೌಕರನನ್ನೇ ಸಂಪೂರ್ಣವಾಗಿ ನಂಬಿಕೊಂಡ ಮಕ್ಕಳು. ರಕ್ತದಿಂದಲೋ ಮದುವೆಯಿಂದಲೋ ನಂಟರಾಗಿ, ಅವನನ್ನೇ ಸಂಪೂರ್ಣವಾಗಿ ನಂಬಿಕೊಂಡವರು. ಅಂದರೆ ಅಕ್ಕನ ಮನೆಯಲ್ಲಿ ಉಂಡು ಕೂತ ನಿರುದ್ಯೋಗಿ ಭಾವಮೈದುನ ಕುಟುಂಬದವನು; ಸ್ವಂತ ಅಂಗಡಿಯಿಟ್ಟು ಟೆಂಡರು ಹಾಕುವ ಭಾವಮೈದುನ ಹೊರಗಿನವನು! ಇವರಿಬ್ಬರಲ್ಲಿ ಸರ್ಕಾರಕ್ಕೆ ಕಂಬಳಿ ಮಾರಬಲ್ಲವನು ಯಾರೆಂದು ನಿಯಮ ಬರೆದ ಮಹಾಶಯರಿಗೆ ಹೊಳೆಯಲಿಲ್ಲವೇ?

ಆಂಗ್ಲರ ಕಾಲದ ಕಾನೂನಿಗೆ ಇದು ಹೊಳೆದಿತ್ತು. ಕೊಳ್ಳಬಾರದೆಂದು ನಿಷೇಧವಿರುವ ಸ್ವತ್ತನ್ನು ನೌಕರನು ಇನ್ನೊಬ್ಬನ ಹೆಸರಿನಲ್ಲಿ ಕೊಂಡರೂ ಎರಡು ವರ್ಷದವರೆಗೆ ಸಜೆಯೆಂದು 1860ರ ದಂಡಸಂಹಿತೆಯ 169ನೆಯ ಕಲಮು ಹೇಳಿತು. 2024ರಲ್ಲಿ ಜಾರಿಗೆ ಬಂದ ನ್ಯಾಯಸಂಹಿತೆಯೂ 203ನೆಯ ಕಲಮಿನಲ್ಲಿ ಅದನ್ನು ಉಳಿಸಿಕೊಂಡಿದೆ. ನೌಕರನು ಕೊಳ್ಳುವಾಗ ಇರುವ ಈ ಎಚ್ಚರ ಸರ್ಕಾರ ಕೊಳ್ಳುವಾಗ ಎಲ್ಲಿ ಹೋಯಿತು?

2016ರಿಂದ ಖರೀದಿಗೆ 'ಜೆಮ್' ಎಂಬ ಕಂಪ್ಯೂಟರ್ ಮಾರುಕಟ್ಟೆ ಬಂದಿದೆ. ಲಕೋಟೆ ಮಾಯವಾಗುವ ಕಾಟ ತಪ್ಪಿದರೆ ಒಳ್ಳೆಯದೇ. ಪಟ್ಟೆಯ ಬಣ್ಣವನ್ನು ಯಾರಿಗಾಗಿ ಬರೆದರೆಂಬುದು ಯಂತ್ರಕ್ಕೆ ತಿಳಿಯದು. 2017ರ ಹಣಕಾಸು ನಿಯಮಗಳು ಹಿತಾಸಕ್ತಿಯ ಘರ್ಷಣೆಯನ್ನು ತಿಳಿಸಬೇಕೆನ್ನುತ್ತವೆ. ತಿಳಿಸಿದ ಕಾಗದ ಕಡತದೊಳಗೆ ಕೂತರೆ ಸೋತ ವರ್ತಕನಿಗೇನು ಪ್ರಯೋಜನ?

ನಮ್ಮಂಥ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ನಂಟರು, ಅಧಿಕಾರಿಯ ನಂಟನಾದ ಮಾತ್ರಕ್ಕೆ ಅಂಗಡಿ ಮುಚ್ಚಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ. ಅವನೂ ಎಲ್ಲರಂತೆ ದರ ಹಾಕಲಿ. ಆ ಕಡತದ ಮೇಲೆ ಭಾವನ ಕೈ ಮಾತ್ರ ಇರಕೂಡದು.

ಆದ್ದರಿಂದ ಷರತ್ತು ಬರೆಯುವವರು, ಮಾಲು ನೋಡಿ ಒಪ್ಪುವವರು, ಬಿಲ್ಲು ಪಾಸು ಮಾಡುವವರು, ಗುಮಾಸ್ತನಿಂದ ಮಂತ್ರಿಯವರೆಗೆ, ಆ ವ್ಯಾಪಾರದಲ್ಲಿರುವ ತಮ್ಮ ನಂಟರ ಅಂಗಡಿಗಳನ್ನು ಬರೆದು ಸಹಿ ಮಾಡಿಕೊಡಬೇಕು. ನಂಟನು ಯಾರ ಮನೆಯಲ್ಲಿ ಉಣ್ಣುತ್ತಾನೆಂಬ ವಿಚಾರಣೆ ಬೇಡ. ಆ ಪಟ್ಟಿಯನ್ನು ಟೆಂಡರಿನ ಜೊತೆಯಲ್ಲೇ ಕಚೇರಿಯ ಬಾಗಿಲಿಗೆ ಅಂಟಿಸಬೇಕು. ನಗರಸಭೆಯಲ್ಲಿ ಕೂರಲು ನಮ್ಮ ಪಕ್ಷದ ಟಿಕೆಟು ಕೇಳುವವರು ಮೊದಲು ತಮ್ಮ ಪಟ್ಟಿ ಕೊಡಲಿ. ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.