‘ಬೆಕ್ಕು ತಾನೇ, ಬರುತ್ತೆ ಬಿಡು’ (ಭಾಗ 3)

ಬೆಕ್ಕು ಎರಡು ರಾತ್ರಿ ಮನೆಗೆ ಬಂದಿಲ್ಲ ಅಂದ್ರೆ ಎಲ್ಲರದ್ದೂ ಒಂದೇ ಮಾತು: ‘ಬರುತ್ತೆ ಬಿಡು, ಅದಕ್ಕೆ ದಾರಿ ಗೊತ್ತಿಲ್ವಾ?’

ದಾರಿ ಗೊತ್ತು ಕಣ್ರೋ. ಹೊರಗಿಂದ ಚಿಲಕ ಹಾಕಿದ ಶೆಡ್ಡಿನ ಬಾಗಿಲು ತೆಗೆಯೋಕೆ ಬರುತ್ತಾ?

ಹೆದರಿದ, ಗಾಯವಾದ ಬೆಕ್ಕು ಹೆಚ್ಚಾಗಿ ಹತ್ತಿರದಲ್ಲೇ ಸದ್ದಿಲ್ಲದೆ ಅಡಗಿರುತ್ತೆ. ಸ್ಟೋರಿ ಹಾಕಿ ಸುಮ್ಮನಾಗಬೇಡಿ. ಬೀದಿ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಹೊರಡಿ. ಕಾರಿನಡಿ, ಚರಂಡಿ, ಶೆಡ್ಡು ನೋಡಿ, ಹೆಸರು ಹಿಡಿದು ಕರೀರಿ.

ಇನ್ನು ಗಂಡುಬೆಕ್ಕು ದಿನಗಟ್ಟಲೆ ಅಲೆಯೋದು ‘ಅದರ ಸ್ವಭಾವ’ ಅಂತೀರಲ್ಲ, ಅದು ಹೆಣ್ಣು ಹುಡುಕಿಕೊಂಡು ಹೋಗೋದು. 5-6 ತಿಂಗಳಿಗೇ ಡಾಕ್ಟರ ಹತ್ರ ಸಂತಾನಹರಣ ಆಪರೇಷನ್ ಮಾಡಿಸಿದ್ರೆ ಆ ಅಲೆದಾಟ, ಜಗಳ, ಗಾಯ ಎಲ್ಲ ಎಷ್ಟೋ ಕಮ್ಮಿ ಆಗುತ್ತೆ.

ತಟ್ಟೆಗೆ ಹಾಲು ಹಾಕೋದಷ್ಟೇ ಸಾಕೋದಲ್ಲ. ಬರದಿದ್ದಾಗ ಹುಡುಕೋದೂ ಸಾಕೋದೇ.