ಆಟವೂ ತಕ್ಕಡಿಯೂ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ, ಹದಿಹರೆಯದವರಿಗೆ ಆರೋಗ್ಯಕರವಾದ ತೂಕದ ವಿಚಾರವನ್ನು ಮೊಬೈಲ್ ಆಟಗಳ ಮೂಲಕ ಕಲಿಸಬಹುದೇ ಎಂಬ ವಿಷಯ ಬಂದಿತ್ತು. ನಾನು ‘ಕಲಿಸಬಹುದು’ ಎಂಬ ಪಕ್ಷವನ್ನು ವಹಿಸಿದ್ದೆ. ಪ್ರತಿಪಕ್ಷದ ಮಿತ್ರರೊಬ್ಬರು, “ಮೊಬೈಲು ಹಿಡಿದು ಕುಳಿತೇ ಮೈ ಬಂದವರಿಗೆ ಮೊಬೈಲನ್ನೇ ಔಷಧವಾಗಿ ಕೊಡುವುದು, ಕುಡುಕನಿಗೆ ಹೆಂಡದಂಗಡಿಯಲ್ಲಿ ನೀತಿಪಾಠ ಹೇಳಿದಂತೆ” ಎಂದು ಸಭಿಕರನ್ನು ನಗಿಸಿದರು. ನಾನೂ ಬಿಡಲಿಲ್ಲ. ನಮ್ಮ ಹಿರಿಯರು ಪರಮಪದ ಸೋಪಾನಪಟದಲ್ಲಿ ಹಾವು ಏಣಿಗಳನ್ನು ಬರೆದು ಪಾಪಪುಣ್ಯಗಳನ್ನೇ ಆಟದಲ್ಲಿ ಕಲಿಸಲಿಲ್ಲವೇ, ಅನ್ನ ಸೊಪ್ಪುಗಳ ಲೆಕ್ಕ ಅದಕ್ಕಿಂತ ಕಷ್ಟವೇ ಎಂದು ಕೇಳಿದೆ. ಕರತಾಡನವಾಯಿತು, ಬಹುಮಾನವೂ ಬಂತು. ಅಂದು ನಾನಾಡಿದ್ದು ಅರ್ಧ ಸತ್ಯವೆಂದು ತಿಳಿದದ್ದು ಮಾತ್ರ ನಮ್ಮ ಮನೆಯಲ್ಲಿ.

ನನ್ನ ತಂಗಿ ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ನನ್ನ ಗೆಲುವಿನ ಸುದ್ದಿ ಕೇಳಿದವಳೇ ಅಂಥ ಆಟವೊಂದನ್ನು ಅಮ್ಮನ ಫೋನಿಗೆ ಹಾಕಿಸಿಕೊಂಡಳು. ಹಾಕಿಕೊಟ್ಟವನು ನಾನೇ. ವಾರಕ್ಕೊಮ್ಮೆ ತೂಕ ನೋಡಿಕೊಂಡು ಅಂಕಿಯನ್ನು ಅದರಲ್ಲಿ ತುಂಬಬೇಕು. ಇಳಿದಿದ್ದರೆ ಚಿನ್ನದ ನಾಣ್ಯ; ಏರಿದ್ದರೆ ಒಂದು ಗೊಂಬೆ ಅಳುತ್ತದೆ. ರೇಷನ್ ಅಂಗಡಿಯ ತಕ್ಕಡಿಯ ಮೇಲೆ ಹತ್ತಿ ನಿಲ್ಲುವ ಈ ಹುಡುಗಿಯನ್ನು ಕಂಡು ನಾವೆಲ್ಲ ನಕ್ಕೆವು. ಮೊದಲ ವಾರ ಹಾಲು ಬೇಡವೆಂದಳು. ಮೂರನೆಯ ವಾರ ರಾತ್ರಿಯ ಮುದ್ದೆ ನಿಂತಿತು. “ಇನ್ನೆರಡು ನಾಣ್ಯ ಬಂದರೆ ಮುಂದಿನ ಮನೆ ತೆಗೆಯುತ್ತೆ ಅಣ್ಣ” ಎಂದಳು. ಮನೆಯೇನೋ ತೆಗೆಯಿತು. ಆದರೆ ಒಂದು ಬೆಳಗ್ಗೆ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಅವಳು ತಲೆ ಸುತ್ತಿ ಕುಸಿದಳು. ಆರೋಗ್ಯ ಕೇಂದ್ರದ ಡಾಕ್ಟರಮ್ಮನವರು ಪರೀಕ್ಷೆ ಮಾಡಿಸಿ, ರಕ್ತ ಕಡಮೆಯಿದೆಯೆಂದು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಆಟದ ಕಥೆಯನ್ನು ಕೇಳಿ ನನ್ನ ಕಡೆ ತಿರುಗಿ, “ಈ ವಯಸ್ಸಿನಲ್ಲಿ ಎತ್ತರವೂ ಏರಬೇಕು, ತೂಕವೂ ಏರಬೇಕಪ್ಪ. ಇಳಿದರೆ ಬಹುಮಾನ ಕೊಡೋ ಆಟ ಯಾರು ಮಾಡಿದ್ದು?” ಎಂದರು. ನನಗೆ ಬಂದ ಬಹುಮಾನ ನೆನಪಾಗಿ ತಲೆ ತಗ್ಗಿಸಿದೆ.

ಆಟ ಮಾಡಿದವರು ದುಷ್ಟರೆಂದು ನಾನು ಹೇಳಲಾರೆ. ಅವರ ಕಣ್ಣಮುಂದೆ ಇದ್ದದ್ದು ಸ್ಥೂಲಕಾಯದ ಮಕ್ಕಳು ಮಾತ್ರ. ನಮ್ಮ ದೇಶದ ಸ್ಥಿತಿ ಬೇರೆ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ, 10ರಿಂದ 19 ವರ್ಷದವರ ಪೈಕಿ ನೂರಕ್ಕೆ 5 ಮಂದಿ ಅತಿತೂಕದವರು, 24 ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದ ಬಡಕಲು ದೇಹದವರು. ಈ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 40 ಮಂದಿಗೆ ರಕ್ತಹೀನತೆ! ಹಾಗೆಂದು ಅತಿತೂಕವನ್ನು ಕಡೆಗಣಿಸಬಾರದು. ಪೊಟ್ಟಣದ ಕುರುಕಲು ತಿಂಡಿ, ಸಕ್ಕರೆಯ ಪಾನೀಯ ಈಗ ಯಾವ ಹಳ್ಳಿಯಲ್ಲಿ ಸಿಕ್ಕುವುದಿಲ್ಲ? ಒಂದೇ ಬೆಂಚಿನಲ್ಲಿ ಎರಡು ಬಗೆಯವರೂ ಕುಳಿತಿರುವಾಗ ಇಬ್ಬರಿಗೂ ‘ಇಳಿಸು’ ಎಂಬ ಒಂದೇ ಮಂತ್ರ ಹೇಗೆ ಸಲ್ಲುತ್ತದೆ? ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಬರುವ ಅಂಕಿ 18.5ಕ್ಕಿಂತ ಕೆಳಗಿದ್ದರೆ ವಯಸ್ಕರನ್ನು ಕೃಶರೆನ್ನುತ್ತಾರೆ. 13 ವರ್ಷದ ಹುಡುಗಿಗೆ 17 ಬಂದರೂ ಅದು ಸರಿಯಾದ ಮಿತಿಯೊಳಗೇ. ಆದಕಾರಣವೇ ವಿಶ್ವ ಆರೋಗ್ಯ ಸಂಸ್ಥೆಯವರು 2007ರಲ್ಲಿ 5ರಿಂದ 19 ವರ್ಷದವರಿಗೆ ವಯಸ್ಸು, ಲಿಂಗಗಳಿಗೆ ತಕ್ಕ ಬೇರೆ ಪಟ್ಟಿಯನ್ನೇ ಹೊರಡಿಸಿದರು. ತಂಗಿಯ ಆಟ ಅವಳ ವಯಸ್ಸನ್ನು ಕೇಳಿಯೇ ಇರಲಿಲ್ಲ.

ಹಾಗಾದರೆ ಆಟವೇ ಬೇಡವೇ? ಹಾಗಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಹುಡುಗರ ಫೋನಿನಲ್ಲಿ ಒಂದು ಸಾಕುಪ್ರಾಣಿ; ತಾವು ತಿಂದದ್ದರ ಚಿತ್ರವನ್ನು ಅವರು ಅದಕ್ಕೆ ಕಳುಹಿಸಬೇಕು. ಚೆನ್ನಾಗಿ ತಿಂದರೆ ಅದು ನಲಿಯುತ್ತದೆ, ಇಲ್ಲದಿದ್ದರೆ ಮುಖ ಸಣ್ಣದು ಮಾಡುತ್ತದೆ. ಅಂಥ ಪ್ರಾಣಿಯನ್ನು ಸಾಕಿದವರು ಉಳಿದವರಿಗಿಂತ ಹೆಚ್ಚಾಗಿ ಬೆಳಗಿನ ತಿಂಡಿ ತಿಂದರಂತೆ. ಬರೀ ನಗುವ ಪ್ರಾಣಿ ಸಿಕ್ಕವರಲ್ಲಿ ಆ ಗುಣ ಕಾಣಲಿಲ್ಲ. ಅಲ್ಲಿಯೂ ಗೊಂಬೆ ಅತ್ತಿತು, ನಮ್ಮ ಮನೆಯಲ್ಲಿಯೂ ಅತ್ತಿತು. ಆದರೆ ಅಲ್ಲಿ ಅತ್ತದ್ದು ತಿಂಡಿ ಬಿಟ್ಟದ್ದಕ್ಕೆ. ಅದು ಹುಡುಗನ ಕೈಯಲ್ಲಿರುವ ಕೆಲಸ. ಇಲ್ಲಿ ಅತ್ತದ್ದು ಬೆಳೆಯುವ ಮೈ ಬೆಳೆದದ್ದಕ್ಕೆ.

ಇಷ್ಟಾದರೂ ಆಟದಿಂದ ಪವಾಡವನ್ನು ನಿರೀಕ್ಷಿಸಬಾರದು. ಹ್ಯೂಸ್ಟನ್ನಿನಲ್ಲಿ 10ರಿಂದ 12 ವರ್ಷದವರಿಗೆಂದು ತಯಾರಿಸಿದ ಎರಡು ವಿಡಿಯೋ ಆಟಗಳ ಫಲಿತಾಂಶ 2011ರಲ್ಲಿ ಹೊರಬಂತು: ಮಕ್ಕಳು ಹಣ್ಣು ತರಕಾರಿ ತಿನ್ನುವುದು ತುಸು ಹೆಚ್ಚಿತು, ಓಡಾಟ ಹೆಚ್ಚಲಿಲ್ಲ, ಮೈಕಟ್ಟೂ ಬದಲಾಗಲಿಲ್ಲ. 2016ರಲ್ಲಿ ಜಗತ್ತನ್ನೇ ಬೀದಿಗಿಳಿಸಿದ ಪೋಕೆಮಾನ್ ಗೋ ಆಟದ ಗತಿಯೂ ಅಷ್ಟೇ. ಅದೇ ವರ್ಷದ ಬ್ರಿಟಿಷ್ ಮೆಡಿಕಲ್ ಜರ್ನಲ್ ಲೇಖನದಂತೆ, ಅದನ್ನು ಆಡಿದ ಅಮೆರಿಕದ ತರುಣರು ಮೊದಲ ವಾರ ದಿನಕ್ಕೆ 955 ಹೆಜ್ಜೆ ಹೆಚ್ಚು ನಡೆದರು. ಆರನೆಯ ವಾರಕ್ಕೆ ಮೊದಲಿನಂತೆಯೇ ಆದರು. (ನಮ್ಮ ವ್ಯಾಯಾಮದ ಸಂಕಲ್ಪಗಳು ಆರು ವಾರ ಬಾಳುತ್ತವೆಯೇ ಎಂದು ಯಾರೂ ನನ್ನನ್ನು ಕೇಳದಿರಲಿ.)

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಮ್ಮ ಎನ್.ಎಸ್.ಎಸ್. ಘಟಕದವರು ಮುಂದಿನ ಶಿಬಿರದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಇಂಥ ಆಟವೊಂದನ್ನು ಪರಿಚಯಿಸಬೇಕೆಂದಿದ್ದಾರೆ. ಅದಕ್ಕೆ ನನ್ನ ಚರ್ಚಾಕೂಟದ ಭಾಷಣವೇ ಪ್ರೇರಣೆಯೆಂದು ಕೇಳಿ ಸಂತೋಷಪಡಲಾರದೆ ಹೋದೆ. ದಯವಿಟ್ಟು ಆಟವನ್ನು ಮೊದಲು ನೀವೇ ಆಡಿ ನೋಡಿ. ಅದು ತೂಕವನ್ನು ಕೇಳಿದರೆ ಅಲ್ಲಿಯೇ ಬಿಟ್ಟುಬಿಡಿ. ಬಿಸಿಯೂಟದ ಮೊಟ್ಟೆಗೆ, ಸೊಪ್ಪಿನ ಸಾರಿಗೆ, ಶಾಲೆಗೆ ನಡೆದು ಬಂದದ್ದಕ್ಕೆ, ಕುಂಟೆಬಿಲ್ಲೆ ಆಡಿದ್ದಕ್ಕೆ ನಾಣ್ಯ ಕೊಡುವಂಥ ಆಟ ಕನ್ನಡದಲ್ಲಿ ಸಿಕ್ಕದಿದ್ದರೆ, ರಟ್ಟಿನ ಮೇಲೆ ಪಟ ಬರೆದುಕೊಂಡು ಹೋಗೋಣ. ಹಾವು ಏಣಿಗಳನ್ನು ಬರೆಯಲು ನನ್ನ ತಂಗಿ ಒಪ್ಪಿದ್ದಾಳೆ. ಈಗ ರಾತ್ರಿ ಮುದ್ದೆ ಉಣ್ಣುತ್ತಾಳೆ. ರೇಷನ್ ಅಂಗಡಿಗೆ ಅಕ್ಕಿ ತರಲು ಮಾತ್ರ ಹೋಗುತ್ತಾಳೆ.